ಒಂದೇ ಲುಂಗಿಯ ಏಕೀಕರಣ

ಕನ್ನಡ ನಾಡನ್ನು ಒಂದುಗೂಡಿಸಲು ನಮ್ಮ ಹಿರಿಯರು ಪಟ್ಟ ಪಾಡನ್ನು ನೆನೆದಾಗಲೆಲ್ಲ ಅವರ ಬಗ್ಗೆ ಮರುಕ ಹುಟ್ಟುತ್ತದೆ. 1890ರಲ್ಲಿ ಧಾರವಾಡದಲ್ಲಿ ವಿದ್ಯಾವರ್ಧಕ ಸಂಘ ಕಟ್ಟಿ, ಆಲೂರು ವೆಂಕಟರಾಯರಂಥವರು ಊರೂರು ಅಲೆದು, ಫಜಲ್ ಅಲಿ ಆಯೋಗದ ವರದಿಗಾಗಿ ಕಾದು, ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗುಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರು 1956ರ ನವೆಂಬರ್ 1ರಂದು ಮೈಸೂರಿನೊಡನೆ ಕೂಡಿಕೊಳ್ಳುವ ಹೊತ್ತಿಗೆ ಅರವತ್ತಾರು ವರ್ಷ ಉರುಳಿದ್ದವು. ಹಿಂದಿ ಚಿತ್ರಗೀತೆಗಳ ದೃಶ್ಯಶಿಲ್ಪಿಗಳ ದಕ್ಷತೆಯ ಮುಂದೆ ಇದು ಎಂಥ ಆಮೆನಡಿಗೆ! ಆ ಮಹನೀಯರು ಕನ್ನಡ, ತಮಿಳು, ತೆಲುಗು, ಮಲಯಾಳ ನಾಡುಗಳನ್ನೆಲ್ಲ, ಕೇಳದೆಯೇ ತುಳುವರನ್ನೂ ಕೊಡವರನ್ನೂ ಬ್ಯಾರಿಗಳನ್ನೂ ಸೇರಿಸಿಕೊಂಡು, ಒಂದು ಹಾಡು ಮುಗಿಯುವುದರೊಳಗೆ ಒಂದೇ ಲುಂಗಿಯಲ್ಲಿ ಸುತ್ತಿ ಕೊಟ್ಟರು.

ಈ ಮಹತ್ಕಾರ್ಯಕ್ಕೆ ಭದ್ರ ಅಡಿಗಲ್ಲು ಬಿದ್ದದ್ದು 1968ರ ‘ಪಡೋಸನ್’ ಚಿತ್ರದಲ್ಲಿ. ಮೆಹಮೂದ್ ಅವರು ಜುಟ್ಟು ಬಿಟ್ಟು, ಕಣ್ಣು ಹೊರಳಿಸಿ, ಹಿಂದಿಯನ್ನು ಮುರಿಮುರಿದು ನುಡಿಯುತ್ತ ಮಾಸ್ಟರ್ ಪಿಳ್ಳೈ ಎಂಬ ಸಂಗೀತಗುರುವಾಗಿ ‘ಏಕ್ ಚತುರ್ ನಾರ್’ ಹಾಡಿನಲ್ಲಿ ಅವತರಿಸಿದ್ದೇ ತಡ, ಪುರಂದರದಾಸರ ಸರಳೆವರಸೆಯಿಂದ ತ್ಯಾಗರಾಜರ ಪಂಚರತ್ನದವರೆಗಿನ ಪರಂಪರೆಯನ್ನು ಕೂತು ಕೇಳಬೇಕಾದ ತಾಪತ್ರಯದಿಂದ ಉತ್ತರದ ರಸಿಕಸಮೂಹ ಶಾಶ್ವತವಾಗಿ ಪಾರಾಯಿತು. ಗುರುವಿಗೆ ಶಾಸ್ತ್ರೀಯವಾಗಿ ಪಳಗಿದ ಮನ್ನಾ ಡೇ ಅವರ ಕಂಠ, ಎದುರಾಳಿಗೆ ಅಂಥ ಶಿಕ್ಷಣವಿಲ್ಲದ ಕಿಶೋರ್ ಕುಮಾರ್ ಕಂಠ. ಗೆದ್ದವರು ಯಾರೆಂದು ಹೇಳುವ ಅಗತ್ಯವಿಲ್ಲ.

ಆದರೆ ಶಿಖರಕ್ಕೆ ಕಳಶವಿಟ್ಟದ್ದು 2013ರ ‘ಚೆನ್ನೈ ಎಕ್ಸ್‌ಪ್ರೆಸ್’ ಚಿತ್ರದ ‘ಲುಂಗಿ ಡಾನ್ಸ್’. ಹನಿ ಸಿಂಗ್ ಅವರ ಈ ಕೃತಿ ರಜನಿಕಾಂತ್ ಅವರಿಗೆ ಸಲ್ಲಿಸಿದ ಗೌರವ. ಬೆಂಗಳೂರಿನ ಮರಾಠಿ ಮನೆಮಾತಿನ ಕುಟುಂಬದಲ್ಲಿ ಹುಟ್ಟಿ, ಇಲ್ಲಿಯ ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿದು, ಪುಟ್ಟಣ್ಣ ಕಣಗಾಲರ ‘ಕಥಾಸಂಗಮ’ದಲ್ಲಿ ಬಣ್ಣ ಹಚ್ಚಿ, ತಮಿಳರ ಪಾಲಿಗೆ ದೇವರೇ ಆಗಿಹೋದ ಮನುಷ್ಯನ ಬದುಕು ಸಾಮಾನ್ಯ ಕಲಾವಿದರನ್ನು ಖಂಡಿತ ಗಲಿಬಿಲಿಗೊಳಿಸುತ್ತಿತ್ತು. ಹನಿ ಸಿಂಗ್ ಎಳ್ಳಷ್ಟೂ ವಿಚಲಿತರಾಗದೆ ಮೀಸೆ, ಕಪ್ಪು ಕನ್ನಡಕ, ಲುಂಗಿ ಮತ್ತು ಲಸ್ಸಿ ಬೆರೆತ ತೆಂಗಿನಕಾಯಿ ಎಂಬ ನಾಲ್ಕೇ ತತ್ತ್ವಗಳಲ್ಲಿ ಆ ಮಹಾಜೀವನದ ಸಾರವನ್ನು ಹಿಡಿದುಕೊಟ್ಟರು. ಅದೇ ಚಿತ್ರದಲ್ಲಿ, ಕುಂದಾಪುರ ಸೀಮೆಯ ಪಡುಕೋಣೆ ಮೂಲದ, ಬೆಂಗಳೂರಿನಲ್ಲೇ ಬೆಳೆದ ದೀಪಿಕಾ ಅವರು ಮೀನಮ್ಮನಾಗಿ, ಅಕ್ಷರಅಕ್ಷರಕ್ಕೂ ಒತ್ತು ಕೊಟ್ಟು ಹಿಂದಿ ನುಡಿದು, ತಾವು ದಕ್ಷಿಣದವರೆಂಬ ಅರ್ಹತಾಪತ್ರ ಸಂಪಾದಿಸಿದರು. ಬರೀ ಬೆಂಗಳೂರಿನವರಾಗಿರುವುದು ಅದಕ್ಕೆ ಸಾಲುತ್ತಿರಲಿಲ್ಲ.

ವಸ್ತ್ರವಿನ್ಯಾಸಕರ ಔದಾರ್ಯವನ್ನಂತೂ ಎಷ್ಟು ಕೊಂಡಾಡಿದರೂ ಕಡಿಮೆಯೇ. ಧಾರವಾಡದ ಕಚ್ಚೆ ಧೋತರ, ಅದಕ್ಕೊಪ್ಪುವ ರುಮಾಲು, ಕೊಡವರ ಕುಪ್ಯ ಚೇಲೆ, ಸೊಂಟದ ಪೀಚೆಕತ್ತಿ, ಇಳಕಲ್ ಸೀರೆಯ ಟೋಪ ತೆನಿ ಸೆರಗು, ಹೀಗೆ ಒಂದೇ ರಾಜ್ಯದವರು ಮಾಡಿಕೊಂಡಿರುವ ಗೊಂದಲವನ್ನು ಆ ದಯಾಳುಗಳು ನಮ್ಮ ಮೈಮೇಲಿಂದ ಇಳಿಸಿದರು. ತಟ್ಟೆಯಲ್ಲೂ ಅದೇ ಶುದ್ಧೀಕರಣ: ವಿಜಯಪುರದ ಜೋಳದ ರೊಟ್ಟಿ, ಮಂಡ್ಯದ ಮುದ್ದೆ, ಮಂಗಳೂರಿನ ಕೋರಿ ರೊಟ್ಟಿ ಎಲ್ಲವೂ ಇಡ್ಲಿಯಲ್ಲಿ ಲೀನವಾದವು.

2023ರಲ್ಲಿ ‘ಎಂಟಮ್ಮ’ ಹಾಡು ಬಂತು. ಧಾರೆಯೆರೆಯುವಾಗ, ದೇವರ ಮುಂದೆ ನಿಲ್ಲುವಾಗ ಉಡುವ ಬಿಳಿ ಪಂಚೆಯನ್ನೂ ಎತ್ತಿ ಕುಣಿಸಬಹುದೆಂಬ ಸತ್ಯವನ್ನು ಸಲ್ಮಾನ್ ಖಾನ್ ಸಾಕ್ಷಾತ್ಕರಿಸಿಕೊಂಡರು. ತೆಲುಗಿನ ವೆಂಕಟೇಶ್, ರಾಮ್ ಚರಣ್ ಇಬ್ಬರೂ ಪಕ್ಕದಲ್ಲಿ ಕುಣಿದು ಇದಕ್ಕೆ ದಕ್ಷಿಣದ ಮುದ್ರೆಯೊತ್ತಿದ ಮೇಲೆ ಅನುಮಾನಕ್ಕೆ ಎಡೆಯೆಲ್ಲಿ? ಮಾಜಿ ಕ್ರಿಕೆಟಿಗ ಲಕ್ಷ್ಮಣ್ ಶಿವರಾಮಕೃಷ್ಣನ್ ಮಾತ್ರ ಇದು ನಮ್ಮ ಸಂಸ್ಕೃತಿಗೆ ಅವಮಾನವೆಂದು ಸಿಡಿದರು. ಲೆಗ್ ಸ್ಪಿನ್ ಬಲ್ಲವರಿಗೆಲ್ಲ ಕಾಲಿನ ಕಲೆ ದಕ್ಕುವುದಿಲ್ಲ.

ಈ ವಿದ್ಯೆ ವಿಂಧ್ಯದಾಚೆಗೇ ಉಳಿದಿಲ್ಲವೆಂಬುದು ನಮ್ಮ ಭಾಗ್ಯ. ನಮ್ಮ ಕನ್ನಡ ಚಿತ್ರಗಳವರೂ ಕಾಡಿನ ಹಾಡು ಬೇಕಾದಾಗಲೆಲ್ಲ ತಲೆಗೆ ಗರಿ, ಕೊರಳಿಗೆ ಮೂಳೆಸರ, ಮೈಗೆ ಮಸಿ ಕರುಣಿಸಿ, ಬೆಂಕಿಯ ಸುತ್ತ ಗುಂಪು ಕುಣಿಸಿ, ಸೋಲಿಗ, ಜೇನುಕುರುಬ, ಹಾಲಕ್ಕಿ ಎಂಬ ಭೇದಭಾವವನ್ನು ಸುಟ್ಟುಹಾಕಿದ್ದಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಪತ್ರ ಪಡೆದದ್ದು ನಿಜವೇ. ಆದರೆ ಹಕ್ಕುಪತ್ರ ಹಿಡಿದ ಕೈಗೆ ಈಟಿ ಹಿಡಿಸುವುದು ಕಷ್ಟ. ನೃತ್ಯ ನಿರ್ದೇಶಕರು ಅದನ್ನು ಚೌಕಟ್ಟಿನಾಚೆಗಿಟ್ಟು ಕಲೆಯ ಮಾನ ಉಳಿಸಿದರು.

ಇಷ್ಟೆಲ್ಲ ಉಪಕಾರ ಪಡೆದವರು ಪ್ರತಿಯಾಗಿ ಮಾಡಬೇಕಾದದ್ದು ಅತ್ಯಲ್ಪ. ದೆಹಲಿಯ ಕಡೆ ಹೊರಟ ಕನ್ನಡ ಬಂಧುಗಳು ದಯಮಾಡಿ ಲುಂಗಿಯಲ್ಲೇ ರೈಲು ಹತ್ತಬೇಕು. ಎದುರು ಸೀಟಿನವರು ‘ಮದ್ರಾಸಿಯೇ?’ ಎಂದು ಪ್ರೀತಿಯಿಂದ ವಿಚಾರಿಸಿದರೆ, ಬೀದರ್ ಎಂದೋ ಕಾರವಾರ ಎಂದೋ ತಕರಾರು ತೆಗೆಯದೆ ಹೌದೆನ್ನಬೇಕು. ರೊಟ್ಟಿಬುತ್ತಿ ಬಿಚ್ಚಿ ಅವರ ಮನಸ್ಸನ್ನು ನೋಯಿಸಬಾರದು. ಕೈಯಲ್ಲಿ ಒಂದು ತೆಂಗಿನಕಾಯಿ ಇರಲಿ.