ಸೂರ್ಯ ಹುಟ್ಟುವ ಮುಂಚಿನ ಮೊಟ್ಟೆ

ಕೊಳ್ಳೇಗಾಲದ ಕಡೆ ಮೊಟ್ಟೆಗೂ ಪಂಚಾಂಗ ಇದೆ. ಸೋಮವಾರ ಮಾದಪ್ಪನ ವಾರ, ಆವತ್ತು ಒಡೆಯುವಂತಿಲ್ಲ. ಶನಿವಾರ ಬಿಳಿಗಿರಿ ರಂಗಪ್ಪನದು. ಗುರುವಾರ ಮನೆಯಲ್ಲಿ ಯಾರಾದರೊಬ್ಬರು ರಾಯರ ಹೆಸರಿನಲ್ಲಿ ಬಿಟ್ಟಿರುತ್ತಾರೆ. ಅಮಾವಾಸ್ಯೆ ಯಾವ ದಿನ ಬಿದ್ದರೂ ಬಿಡಬೇಕು. ಶ್ರಾವಣ ಹುಟ್ಟಿತೆಂದರೆ ತಿಂಗಳಿಡೀ ಕೋಳಿಗಳು ಇಟ್ಟಿದ್ದೇ ದಂಡ. ಮೊಟ್ಟೆಯನ್ನು ಹೊಸಿಲೊಳಗೇ ಸೇರಿಸದ ಮನೆಗಳ ಮಾತು ಬೇರೆ. ಅವರಿಗೆ ಈ ಲೆಕ್ಕದ ತಲೆನೋವಿಲ್ಲ. ತಿನ್ನುವವರಿಗೇ ಕಷ್ಟವೆಲ್ಲ.

ಈ ಪಂಚಾಂಗಕ್ಕೆ ವೀಸಾ ಬೇಡ. ಹನೂರು, ಯಳಂದೂರು, ಕೊಳ್ಳೇಗಾಲದಿಂದ ಸಿಂಗಪುರಕ್ಕೆ ಕೆಲಸ ಹಿಡಿದು ಹೋದ ಹುಡುಗರ ಮನೆಗಳಿಗೆ ಅಪ್ಪ-ಅವ್ವ ತಿಂಗಳ ಮಟ್ಟಿಗೆ ಬಂದಿಳಿದಾಗ ಹುರಳಿಕಾಳು, ಉಪ್ಸಾರಿನ ಖಾರದ ಜೊತೆ ಅದೂ ಬಂದಿಳಿಯುತ್ತದೆ. ಅಂಥ ನಾಲ್ಕಾರು ಮನೆಗಳನ್ನು ಕಲಸಿ ಒಂದು ಮನೆ ಮಾಡಿಕೊಂಡರೆ ಈ ಬರಹದ ಮನೆ ಆಗುತ್ತದೆ. ಹನ್ನೆರಡನೇ ಮಹಡಿ, ಎರಡು ಕೋಣೆ, ಒಬ್ಬ ಮಗ, ಒಬ್ಬ ಸೊಸೆ, ಮೂರನೇ ಕ್ಲಾಸಿನ ಒಬ್ಬ ಮೊಮ್ಮಗ. ಅಜ್ಜಿ ಹನೂರಿನ ಕಡೆಯವರು, ತಾತ ಕೊಳ್ಳೇಗಾಲ ಪೇಟೆಯವರು, ಸೊಸೆ ಯಳಂದೂರಿನವಳು.

ಮೂರೂ ಊರು ಒಂದೇ ಜಿಲ್ಲೆಯವಲ್ಲವೇ ಎಂದು ಹೊರಗಿನವರು ಕೇಳುತ್ತಾರೆ. ಚಾಮರಾಜನಗರ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಹಿಂದೆ ಹೋದರೆ ಬೀಗರ ನಡುವೆ ಒಂದು ಗಡಿಯೇ ಇತ್ತು. ಹನೂರನ್ನೂ ಸೇರಿಸಿಕೊಂಡಿದ್ದ ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮದ್ರಾಸ್ ಸರ್ಕಾರದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಅರ್ಧ ಗಂಟೆ ಬಸ್ಸಿನ ದಾರಿಯ ಯಳಂದೂರು ಮಾತ್ರ ಮೈಸೂರು ಸಂಸ್ಥಾನದ್ದು, ಅದರಲ್ಲೂ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದ ಊರು. ಸೊಸೆಯ ತವರಿನವರು ಇವತ್ತಿಗೂ ಮಾತು ಬಿಸಿಯಾದರೆ "ನಾವು ಸಂಸ್ಥಾನದೋರು" ಅಂದುಬಿಡುತ್ತಾರೆ. ಸಿಂಗಪುರದ ಕನ್ನಡ ಸಂಘದ ರಾಜ್ಯೋತ್ಸವ ಉಳಿದವರಿಗೆಲ್ಲ ನಾಡಿನ ಹಬ್ಬವಾದರೆ, ಈ ತಾತನಿಗೆ ಅದು ತಮ್ಮ ತಾಲ್ಲೂಕು ಕೈ ಬದಲಾದ ದಿನವೂ ಹೌದು.

ಇಷ್ಟು ಇತಿಹಾಸ ಹೊತ್ತ ಮನೆಯಲ್ಲಿ ಬೆಳಗಿನ ತಿಂಡಿ ಸರಳವಾಗಿರಲಿ ಎಂದು ಸೊಸೆ ಆಸೆಪಟ್ಟಳು. ನೂಡಲ್ಸ್, ಮೇಲೊಂದು ಮೊಟ್ಟೆ, ಅಷ್ಟೆ. ಅಲ್ಲಿನ ಸ್ಕೂಲು ಏಳೂವರೆಗೆಲ್ಲ ಶುರು. ಹುಡುಗ ಆರೂವರೆಗೆ ಲಿಫ್ಟಿನಲ್ಲಿರಬೇಕು. ಆ ಹೊತ್ತಿನಲ್ಲಿ ಇಡ್ಲಿ ಬೇಯಿಸುವ ಮಾತೆಲ್ಲಿ? ನೀರು ಮರಳಿಸಿ, ಪ್ಯಾಕೆಟ್ ಒಡೆದು ಸುರಿದು, ಬೆಂಕಿ ಸಣ್ಣ ಮಾಡಿ ಮೇಲೆ ಮೊಟ್ಟೆ ಒಡೆದು ಬಿಟ್ಟು ಮುಚ್ಚಿಟ್ಟರೆ ಬಿಳಿ ಗಟ್ಟಿಯಾಗಿ ಹಳದಿ ತಳತಳ ಅನ್ನುತ್ತಿರುತ್ತದೆ. ಹುಡುಗ ಚಮಚದಿಂದ ಅದನ್ನು ಚುಚ್ಚಿ ಸಾರಿಗೆ ಕದಡಿಕೊಳ್ಳುತ್ತಾನೆ. ಅಜ್ಜಿ ಬಂದ ಮೊದಲ ಬೆಳಗ್ಗೆ ಇದನ್ನು ಬಗ್ಗಿ ನೋಡಿದರು.

"ಇದೇನವ್ವ ಇದು, ಮೊಟ್ಟ ಇನ್ನೂ ಬೆಂದೇ ಇಲ್ವಲ್ಲ!"

"ಹಂಗೇ ತಿನ್ನೋದು ಅತ್ತೆ."

"ಕೂಸಿಗ ಹಸಿ ಮೊಟ್ಟ ತಿನ್ಸೀಯಾ?"

ಸೊಸೆಯ ಪಕ್ಷದಲ್ಲಿ ಹೇಳುವುದಾದರೆ, ಈ ಜೋಡಿಯನ್ನು ಕಂಡುಹಿಡಿದವಳು ಅವಳಲ್ಲ. ಜಪಾನಿನಲ್ಲಿ ಮೊಮೊಫುಕು ಅಂಡೊ 1958ರಲ್ಲಿ ಮೊದಲ ದಿಢೀರ್ ನೂಡಲ್ಸ್ ಮಾರುಕಟ್ಟೆಗೆ ಬಿಟ್ಟರು. ಹಬೆಯಲ್ಲಿ ಬೆಂದ ಎಳೆಗಳನ್ನು ಎಣ್ಣೆಯಲ್ಲಿ ಕರಿದರೆ ಒಳಗಿನ ನೀರೆಲ್ಲ ಆವಿಯಾಗಿ ಹೋಗಿ, ಅದಿದ್ದ ಜಾಗದಲ್ಲಿ ಸಣ್ಣ ಸಣ್ಣ ತೂತು ಉಳಿಯುತ್ತವೆ. ಮತ್ತೆ ಬಿಸಿನೀರು ಬಿದ್ದರೆ ಅವುಗಳೊಳಗೆ ನೀರು ನುಗ್ಗಿ ಎಳೆ ಮೆತ್ತಗಾಗುತ್ತದೆ. ಎರಡು ನಿಮಿಷದ ಗುಟ್ಟು ಇಷ್ಟೇ: ಅಡಿಗೆ ಕಾರ್ಖಾನೆಯಲ್ಲೇ ಮುಗಿದಿರುತ್ತದೆ, ಮನೆಯಲ್ಲಿ ಆಗುವುದು ನೆನೆಹಾಕುವ ಕೆಲಸ. ಅಂಡೊ ಅವರ ಆ ನೂಡಲ್ಸಿನ ಬಿಲ್ಲೆಯ ನಡುವೆ ಈಗ ಒಂದು ಗುಳಿಯೂ ಇರುತ್ತದೆ, ಒಡೆದ ಮೊಟ್ಟೆ ಜಾರದೆ ಕೂರಲಿ ಅಂತ. ಇದನ್ನೆಲ್ಲ ಮಗ ವಿವರಿಸಿದ. ಕರಿದದ್ದು ಎಂಬುದೊಂದೇ ಅಜ್ಜಿಯ ಕಿವಿಗೆ ಬಿದ್ದದ್ದು. "ಬೆಳಬೆಳಗ್ಗೇನೇ ಎಣ್ಣೆ ತಿಂಡಿಯಾ?"

ತಾತ ಅಡಿಗೆಮನೆಯ ರಾಜಕೀಯಕ್ಕೆ ಕೈ ಹಾಕುವವರಲ್ಲ. ಅವರ ಕುತೂಹಲವೆಲ್ಲ ಪ್ಯಾಕೆಟ್ಟಿನ ಹಿಂಭಾಗದಲ್ಲಿ. ಲಿಟಲ್ ಇಂಡಿಯಾದ ಅಂಗಡಿಯಿಂದ ತಂದ ಮ್ಯಾಗಿ ಕಂಡರೆ ಕನ್ನಡಕ ಹಾಕಿಕೊಂಡು, ಬೆಳಕಿಗೆ ಹಿಡಿದು, ಸಣ್ಣಕ್ಷರದಲ್ಲಿ ನಂಜನಗೂಡು ಎಂದಿದೆಯೇ ಅಂತ ಹುಡುಕುತ್ತಾರೆ. 1983ರಲ್ಲಿ ಭಾರತಕ್ಕೆ ಬಂದ ಮ್ಯಾಗಿ ನಂಜನಗೂಡಿನಲ್ಲೂ ತಯಾರಾಗುತ್ತದೆ. ಕೊಳ್ಳೇಗಾಲದಿಂದ ತಿ. ನರಸೀಪುರ ಹಾದು ಹೋದರೆ ಒಂದೂವರೆ ಗಂಟೆ ಹಾದಿ. "ನಂಜುಂಡೇಶ್ವರನ ಸನ್ನಿಧಿಯಿಂದ ಬಂದದ್ದು, ಸುಮ್ನೆ ತಿನ್ನು" ಎಂದು ಮೊಮ್ಮಗನಿಗೆ ಅವರ ಶಿಫಾರಸು. 2015ರ ಜೂನ್‌ನಲ್ಲಿ ಸೀಸದ ಅಂಶದ ಗಲಾಟೆಯಾಗಿ ಇಡೀ ದೇಶದಲ್ಲಿ ಮ್ಯಾಗಿ ನಿಂತಾಗ, ಸಿಂಗಪುರದವರು ತಾವೇ ಪರೀಕ್ಷೆ ಮಾಡಿಸಿ ಅದೇ ತಿಂಗಳು ಭಾರತದ ಮ್ಯಾಗಿ ಮಾರಬಹುದು ಅಂದರು. ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟು ನಿಷೇಧ ತೆಗೆದುಹಾಕಿತು, ನವೆಂಬರಿನಲ್ಲಿ ಪ್ಯಾಕೆಟ್ಟುಗಳು ಅಂಗಡಿಗೆ ವಾಪಸಾದವು. ಅಂದರೆ ಆ ವರ್ಷ ನಂಜನಗೂಡಿನ ಪಕ್ಕದವರಿಗೆ ಸಿಗದ ಮ್ಯಾಗಿ ಸಮುದ್ರದಾಚೆ ಸಿಗುತ್ತಿತ್ತು. ಇದನ್ನು ಹೇಳುವಾಗ ತಾತನ ಮುಖದಲ್ಲಿ ಮೂಡುವ ಹೆಮ್ಮೆಗೆ ಏನು ಕಾರಣವೋ ಮನೆಯಲ್ಲಿ ಯಾರಿಗೂ ಗೊತ್ತಾಗಿಲ್ಲ.

ಎರಡನೇ ದಿನದಿಂದ ಒಲೆ ಅಜ್ಜಿಯ ವಶ.

ಅವರ ಕ್ರಮವೇ ಬೇರೆ. ನೂಡಲ್ಸನ್ನು ಮೊದಲು ನಾಲ್ಕಾಗಿ ಮುರಿಯುವುದು. ಉದ್ದ ಎಳೆಗೇ ದುಡ್ಡು ಕೊಟ್ಟವರ ಎದೆ ಝಲ್ ಅನ್ನುವ ಸದ್ದು ಅದು. ಮರಳುವ ನೀರಿಗೆ ಹಾಕಿ, ಪೂರ್ತಿ ಬೇಯುವ ಮೊದಲೇ ಬಸಿದು, ಮೇಲೆ ತಣ್ಣೀರು ಸುರಿದು, ಚಮಚ ಎಣ್ಣೆ ಸವರಿ ಅಗಲ ತಟ್ಟೆಯಲ್ಲಿ ಹರಡುವುದು. ಬಾಣಲೆಯಲ್ಲಿ ಸಾಸಿವೆ, ಕಡ್ಲೆಬೇಳೆ, ಕರಿಬೇವು, ಸೀಳಿದ ಹಸಿಮೆಣಸಿನಕಾಯಿ, ಈರುಳ್ಳಿ. ಮೊಟ್ಟೆ ಇನ್ನೊಂದು ಬಾಣಲೆಯಲ್ಲಿ, ಅರಿಸಿನ ಮೆಣಸಿನಪುಡಿ ಹಾಕಿ, ಉದುರುದುರಾಗಿ, ನೀರಿನ ಪಸೆ ಇಲ್ಲದ ಹಾಗೆ ಹುರಿದದ್ದು. ಎರಡೂ ಕೂಡುವುದು ಒಲೆ ಆರಿಸಿದ ಮೇಲೆ. ಮೊದಲೇ ಕೂಡಿದರೆ ಮೊಟ್ಟೆ ಎಳೆಗೆ ಅಂಟಿ ಎಲ್ಲ ಮುದ್ದೆಯಾಗುತ್ತದೆ. ಕೊನೆಗೆ ನಿಂಬೆಹಣ್ಣು. ಪ್ಯಾಕೆಟ್ಟಿನ ಮಸಾಲೆಪುಡಿ ಅರ್ಧ ಮಾತ್ರ, ಉಳಿದರ್ಧ ಡಬ್ಬಿಗೆ. ಆ ಡಬ್ಬಿ ತುಂಬಿದಾಗ ಏನು ಮಾಡುತ್ತಾರೆಂದು ಸೊಸೆ ಕೇಳಲಿಲ್ಲ. ವಾರ ಕಳೆದ ಮೇಲೆ ಆಲೂಗಡ್ಡೆ ಪಲ್ಯದಲ್ಲಿ ಉತ್ತರ ಸಿಕ್ಕಿತು.

ನಿಜಕ್ಕೂ ಅಜ್ಜಿ ಮಾಡುತ್ತಿದ್ದದ್ದು ಶಾವಿಗೆ ಬಾತು. ಅವರ ಕೈಗೆ ಬೇರೆ ದಾರಿ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಹನೂರಿನ ಕಡೆ ಹಬ್ಬಕ್ಕೆ, ನೆಂಟರು ಬಂದಾಗ ಒತ್ತುಶಾವಿಗೆ ಆಗುತ್ತಿತ್ತು. ಹಿಟ್ಟು ತೊಳಸಿ, ಉಂಡೆ ಕಟ್ಟಿ, ಬೇಯಿಸಿ, ಆರುವ ಮೊದಲೇ ಮರದ ಶಾವಿಗೆ ಒರಳಿಗೆ ತುಂಬಬೇಕು. ಅದರ ಹಿಡಿ ಒತ್ತಲು ಹೆಂಗಸರ ತೋಳಿನ ಬಲ ಸಾಲದು. ಮನೆಯ ಹುಡುಗರನ್ನು ಕರೆದು ಹಿಡಿಗೆ ನೇತುಹಾಕುತ್ತಿದ್ದರು. ಹುಡುಗ ಜೋತಾಡಿದಂತೆ ಕೆಳಗೆ ಬಿಳಿ ಎಳೆಗಳು ಇಳಿಯುತ್ತಿದ್ದವು, ಅಜ್ಜಿ ತಟ್ಟೆ ತಿರುಗಿಸಿ ಸುರುಳಿ ಹಿಡಿಯುತ್ತಿದ್ದರು. ಬೆಳಗ್ಗೆ ಕಾಯಿಹಾಲು ಬೆಲ್ಲದ ಜೊತೆ, ಮಧ್ಯಾಹ್ನ ಕೋಳಿಸಾರಿನ ಜೊತೆ. ಈಗ ಹನ್ನೆರಡನೇ ಮಹಡಿಯಲ್ಲಿ ಹೇಳಿದ ಮಾತನ್ನೆಲ್ಲ ಪರೀಕ್ಷಿಸುವ ಮೊಮ್ಮಗ ಕೇಳಿದ: "ಅಪ್ಪ ಎಷ್ಟು ಕೆಜಿ ಇದ್ರು ಆಗ?"

ಸಿಂಗಪುರ ತಮ್ಮನ್ನು ಬೆರಗುಗೊಳಿಸುತ್ತದೆ ಎಂದು ಅಜ್ಜಿ ನಿರೀಕ್ಷಿಸಿದ್ದರು. ಮಗನೂ ಅಷ್ಟೇ. ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ, ಚೀನೀ ಭಾಷೆಯಂತೂ ದೂರ, ಬಾಗಿಲು ದಾಟಿದರೆ ಕಳೆದೇ ಹೋಗುತ್ತಾಳೆಂದು ಜೇಬಿಗೆ ವಿಳಾಸದ ಚೀಟಿ ಹಾಕಿ ಟೆಕ್ಕಾ ಮಾರ್ಕೆಟ್ಟಿಗೆ ಕರೆದುಕೊಂಡು ಹೋದ. ಹೋಗುತ್ತಿದ್ದ ಹಾಗೆ ತರಕಾರಿ ಅಂಗಡಿಯವನ ಎದುರು ಅಜ್ಜಿ ನಿಂತು, "ಎನ್ನಪ್ಪಾ, ಮುರುಂಗಕ್ಕಾಯ್ ಎವ್ವಳವು?" ಅಂದರು. ತಮಿಳು ಸಿಂಗಪುರದ ನಾಲ್ಕು ಅಧಿಕೃತ ಭಾಷೆಗಳಲ್ಲಿ ಒಂದು. ಕೊಯಮತ್ತೂರು ಜಿಲ್ಲೆಯಾಗಿದ್ದ ಸೀಮೆ, ಪಾಲಾರಿನಾಚೆ ನೆಂಟಸ್ತಿಕೆ, ಮಾದಪ್ಪನ ಪರಿಸೆಗೆ ಸೇಲಂ, ಈರೋಡಿನಿಂದ ಬರುವ ಜನ: ಇವೆಲ್ಲ ಸೇರಿ ಹನೂರಿನವರ ಬಾಯಿಗೆ ಹಾಕಿದ ತಮಿಳು ಅಲ್ಲಿ ಸರ್ಕಾರಿ ಮರ್ಯಾದೆ ಪಡೆಯಿತು. ಹತ್ತು ವರ್ಷದಿಂದ ಹೇಳಿದ ಬೆಲೆ ಕೊಟ್ಟು ಬರುತ್ತಿದ್ದ ಮಗ ಚೀಲ ಹಿಡಿದುಕೊಂಡು ಹಿಂದೆ ನಿಂತ. ಮೊಟ್ಟೆಯ ಅಂಗಡಿಯಲ್ಲಿ ಮಲೇಷ್ಯಾದ ಮೊಟ್ಟೆಗಳ ಮೇಲೆ ಫಾರಂನ ಗುರುತು ಅಚ್ಚು ಹಾಕಿದ್ದನ್ನು ಕಂಡು, "ಕೋಳಿ ಮುದ್ರೆ ಒತ್ತಿ ಇಡ್ತದಾ?" ಎಂದು ಕೇಳಿದ್ದೊಂದೇ ಅಜ್ಜಿಯ ಬೆರಗು.

ಅಲ್ಲೇ ತಿಂಡಿ ಅಂಗಡಿಗಳ ಸಾಲಿನಲ್ಲಿ ಇನ್ನೊಂದು ಪಂಥ ನಡೆಯಿತು. ಪುಟ್ಟು ಮಾಯಂ ಎಂದು ಮಾರುತ್ತಿದ್ದದ್ದು ಒತ್ತುಶಾವಿಗೆಯೇ: ಅಕ್ಕಿಹಿಟ್ಟಿನ ಎಳೆ, ತೆಂಗಿನತುರಿ, ಕೆಂಪು ಸಕ್ಕರೆ. ಪಕ್ಕದ ಅಂಗಡಿಯಲ್ಲಿ ಬೀ ಹೂನ್, ಅಕ್ಕಿಶಾವಿಗೆಯನ್ನೇ ಹುರಿದು ಮೇಲೆ ಕರಿದ ಮೊಟ್ಟೆ ಇಟ್ಟದ್ದು. ಊರಿಗೆ ಊರೇ ಬೆಳಗ್ಗೆ ಇದನ್ನು ಕಟ್ಟಿಸಿಕೊಂಡು ಕೆಲಸಕ್ಕೆ ಓಡುತ್ತದೆ. ಇನ್ನೊಂದು ಕಡೆ ಮ್ಯಾಗಿಯನ್ನು ಮೊಟ್ಟೆ, ಟೊಮೆಟೊ ಸಾಸಿನಲ್ಲಿ ಹುರಿದ ಮ್ಯಾಗಿ ಗೋರೆಂಗ್, ತಮಿಳು ಮುಸ್ಲಿಮರ ಕೈಯದು. ಸೊಸೆ ಅರ್ಧ ಬೆಂದ ಮೊಟ್ಟೆಗಳ ಬಟ್ಟಲನ್ನು ತೋರಿಸಿದಳು. ಇಲ್ಲಿನವರು ಅದಕ್ಕೆ ಸೋಯಾ ಸಾಸು, ಬಿಳಿಮೆಣಸಿನ ಪುಡಿ ಹಾಕಿ ಕಾಫಿಯ ಜೊತೆ ಕುಡಿದೇ ಬಿಡುತ್ತಾರೆ. ತನ್ನ ತಳತಳ ಮೊಟ್ಟೆಗೆ ಇಡೀ ದೇಶದ ಬೆಂಬಲ ಇದೆ ಎಂಬುದು ಅವಳ ವಾದ. ಅಜ್ಜಿ ಬಟ್ಟಲನ್ನು ನೋಡಿದರು, ಮಗನನ್ನು ನೋಡಿದರು, ಪುಟ್ಟು ಮಾಯಂ ಎರಡು ಪ್ಲೇಟು ತರಿಸಿದರು.

ಆ ರಾತ್ರಿ ಮೊಮ್ಮಗನಿಗೆ ಪಾಠವಾಯಿತು. ನೂಡಲ್ಸು ಚೀನಾದ್ದೂ ಅಲ್ಲ, ಜಪಾನಿನದೂ ಅಲ್ಲ. "ನಮ್ಮ ಒಡೆಯರಪಾಳ್ಯದ್ದು ಕಣ!" ಉತ್ಪ್ರೇಕ್ಷೆಯಾದರೂ ಪೂರಾ ಸುಳ್ಳಲ್ಲ. ಹನೂರಿನ ಒಡೆಯರಪಾಳ್ಯದಲ್ಲಿ 1974ರಿಂದ ಟಿಬೆಟನ್ ನಿರಾಶ್ರಿತರ ನೆಲೆ ಇದೆ, ಧೋಂಡೆನ್‌ಲಿಂಗ್ ಎಂದು ಅದರ ಹೆಸರು, ಝೋಗ್‌ಚೆನ್ ಎಂಬ ದೊಡ್ಡ ಮಠವೂ ಇದೆ. ಜೋಳದ ಹೊಲಗಳ ನಡುವೆ ಕೆಂಪು ಬಟ್ಟೆಯ ಲಾಮಾಗಳು ನಡೆದು ಹೋಗುವುದು ಅಲ್ಲಿನವರಿಗೆ ಹೊಸತೇನಲ್ಲ. ಅವರು ಉಣ್ಣುವ ಥುಕ್ಪಾ, ಅಂದರೆ ಸಾರಿನಲ್ಲಿ ಬೆಂದ ನೂಡಲ್ಸು, ಕೊಳ್ಳೇಗಾಲದಿಂದ ಬೈಕು ಹತ್ತಿ ಹೋಗಿ ತಿಂದು ಬರುವವರೂ ಇದ್ದಾರೆ. ಪೇಟೆಯಲ್ಲಂತೂ ಸಂಜೆಯಾದರೆ ತಳ್ಳುಗಾಡಿಯ ಮೇಲೆ ಎಗ್ ನೂಡಲ್ಸಿನ ಟಣಟಣ. 2024ರ ಮಾರ್ಚಿನಲ್ಲಿ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದೆಂದಾಗ ಗೋಬಿ ಮಂಕಾಯಿತು, ನೂಡಲ್ಸು ಹಾಗೇ ಉಳಿಯಿತು. ಹಾಗಾಗಿ ಸಿಂಗಪುರದಲ್ಲಿ ಹುಟ್ಟಿದ ಮಗು ಊರಿಗೆ ಹೋದಾಗ ಕೇಳುವುದೂ ರಾಗಿಮುದ್ದೆಯನ್ನಲ್ಲ.

ಇಷ್ಟೆಲ್ಲ ರಾಜಿಯಾದ ಮೇಲೂ ಸೋಮವಾರ ಸೋಮವಾರವೇ. ಆವತ್ತು ಹುಡುಗನ ತಟ್ಟೆಯಲ್ಲಿ ಬರೀ ನೂಡಲ್ಸು. ಅವನು ತಾತನ ಬಳಿ ದೂರು ಒಯ್ದ. ತಾತ ಒಂಟಿಕೊಪ್ಪಲ್ ಪಂಚಾಂಗ ಬಿಚ್ಚಿ, ವಾರ ಅಂದರೇನು ಎಂದು ತಿಳಿಸಿದರು: ಗಡಿಯಾರದ ಹನ್ನೆರಡಕ್ಕೆ ಬದಲಾಗುವುದು ಇಂಗ್ಲಿಷ್ ದಿನ, ನಮ್ಮದು ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಹೇಳಿ ಮುಗಿಸಿದ ಮೇಲೆ ಅವರಿಗೇ ತಾವೇನು ಹೇಳಿದೆವೆಂದು ಹೊಳೆದದ್ದು.

ಸಿಂಗಪುರದಲ್ಲಿ ಸೂರ್ಯ ಹುಟ್ಟುವುದು ವರ್ಷವಿಡೀ ಸರಿಸುಮಾರು ಏಳು ಗಂಟೆಗೆ. ಭೂಪಟದ ಪ್ರಕಾರ ಅಲ್ಲಿ ಆರಕ್ಕೇ ಹುಟ್ಟಬೇಕಿತ್ತು. ಮಲೇಷ್ಯಾದವರು ಗಡಿಯಾರ ಮುಂದಕ್ಕೆ ತಿರುಗಿಸಿದರೆಂದು ಇವರೂ 1982ರ ಜನವರಿ 1ರಿಂದ ಅರ್ಧ ಗಂಟೆ ಮುಂದೆ ಹೋದರು, ಇದ್ದ ಅಂತರ ಇನ್ನಷ್ಟು ಹೆಚ್ಚಿತು. ಹುಡುಗ ತಿಂಡಿ ತಿನ್ನುವುದು ಆರಕ್ಕೆ.

"ಅಜ್ಜಿ, ಇನ್ನೂ ಸಂಡೇ ಮುಗಿದಿಲ್ಲ! ಮೊಟ್ಟೆ ಹಾಕು!"

ಅಜ್ಜಿ ಕಿಟಕಿಯಾಚೆ ನೋಡಿದರು. ಕತ್ತಲು. ಸೊಸೆ ಸಿಂಕಿನ ಕಡೆ ತಿರುಗಿ ನಗು ತಡೆದುಕೊಂಡಳು. ಪಂಚಾಂಗದ ಮೇಲೆ ಪಂಚಾಂಗದಿಂದಲೇ ಬಂದ ಏಟು; ತಳ್ಳಿಹಾಕುವ ಹಾಗಿಲ್ಲ. ಅಜ್ಜಿ ಒಂದು ಮೊಟ್ಟೆ ಒಡೆದರು. ಒಡೆಯುತ್ತಲೇ ಅಂದರು: "ಹಂಗಾದ್ರ ನಾಳ ಬೆಳಗಾಗ ನಿಂಗ ಇಲ್ಲ. ನಾಳ ಆರ್ ಗಂಟಗ ಸೋಮಾರನೇ ಇರ್ತದ."

ಹುಡುಗ ಲೆಕ್ಕ ಹಾಕಿದ. ಒಂದು ಬಂತು, ಒಂದು ಹೋಯಿತು. ಮಂಗಳವಾರದ ಪಾಲನ್ನು ಡಬ್ಬಿಗೆ ಹಾಕಿಕೊಡಿ, ಬಿಡುವಿನ ಹೊತ್ತಿಗೆ ಬಿಸಿಲು ಬಂದಿರುತ್ತದೆ, ಆಗ ತಿನ್ನುತ್ತೇನೆ ಎಂದು ಹೊಸ ಅರ್ಜಿ ಹಾಕಿದ. ಈಗ ಅಜ್ಜಿ ನಿಜಕ್ಕೂ ಸಿಕ್ಕಿಬಿದ್ದರು. ಒಡೆದು ಹುರಿಯುವುದು ಮಾದಪ್ಪನ ವಾರದಲ್ಲಿ, ತಿನ್ನುವುದು ಮಾರನೇ ವಾರದಲ್ಲಿ. ದೋಷ ಒಡೆದವರಿಗೋ ತಿಂದವರಿಗೋ? ಇಂಥದ್ದನ್ನು ಕೇಳಬೇಕಾದವರು ಹನೂರಿನಲ್ಲಿರುವ ತಂಗಿ. ಪ್ರತಿ ಅಮಾವಾಸ್ಯೆ ಮಾದಪ್ಪನ ಬೆಟ್ಟಕ್ಕೆ ಹೋಗುವವರು, ಅವರಿಗೆ ಗೊತ್ತಿರುತ್ತದೆ. ಅಜ್ಜಿ ಆ ಕ್ಷಣವೇ ಫೋನು ಮಾಡಿಸಿದರು. ಸಿಂಗಪುರದಲ್ಲಿ ಆರೂ ಕಾಲು, ಹನೂರಿನಲ್ಲಿ ಬೆಳಗಿನ ಜಾವ ಮೂರೂ ಮುಕ್ಕಾಲು. ಅತ್ತ ಕಡೆ ದೀಪ ಹಾಕಿ, ಎದ್ದು ಕೂತು, ಯಾರು ಹೋದರೋ ಎಂದು ನಡುಗುತ್ತ ಫೋನು ಎತ್ತಿದ ತಂಗಿ ಪೂರ್ತಿ ಪ್ರಶ್ನೆ ಕೇಳಿಸಿಕೊಂಡರು. ಆಮೇಲೆ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ.

"ಅಕ್ಕ, ಆ ಕೂಸಿಗ ಉಪ್ಪಿಟ್ಟು ಮಾಡ್ಕೊಟ್ಟು ಕಳ್ಸು. ನಾ ಮಲಕತ್ತೀನಿ."