ಈ ತಿಂಗಳೊಂದೇ

ಹರಪನಹಳ್ಳಿಯ ಯಾವ ಓಣಿ ಹೊಕ್ಕರೂ ಇವನೊಬ್ಬ ಸಿಕ್ಕೇ ಸಿಗುತ್ತಾನೆ. ವಯಸ್ಸು ಮೂವತ್ತರ ಆಚೀಚೆ. ಮದುವೆಯಾಗಿದೆ, ಅಂಗನವಾಡಿಗೆ ಹೋಗುವ ಮಗಳಿದ್ದಾಳೆ, ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸವಿದೆ. ಗುಟ್ಕಾ ಇಲ್ಲ, ಇಸ್ಪೀಟಿಲ್ಲ, ಕ್ರಿಕೆಟ್ ಬೆಟ್ಟಿಂಗಿನವರ ಹತ್ತಿರವೂ ಸುಳಿಯುವವನಲ್ಲ. ಹೆಣ್ಣು ಕೊಡುವ ಮುಂಚೆ ಮಾವ ವಿಚಾರಿಸಿದಾಗ ಊರೆಲ್ಲ ಒಂದೇ ಬಾಯಲ್ಲಿ 'ಹುಡುಗ ಅಪರಂಜಿ' ಅಂದಿತ್ತು. ಮಾವ ಕೇಳದೆ ಬಿಟ್ಟ ಪ್ರಶ್ನೆ ಒಂದೇ: ರಾತ್ರಿ ಊಟವಾದ ಮೇಲೆ ಹುಡುಗ ಎಲ್ಲಿರುತ್ತಾನೆ? ಕೇಳಿದ್ದರೂ ಉತ್ತರ ಚೆನ್ನಾಗಿಯೇ ಇರುತ್ತಿತ್ತು. ಮನೆಯಲ್ಲೇ ಇರುತ್ತಾನೆ, ಮಂಚದ ಮೇಲೇ ಇರುತ್ತಾನೆ. ಆದರೆ ಪೋಚಿಂಕಿಯಲ್ಲಿರುತ್ತಾನೆ.

ಪೋಚಿಂಕಿಯನ್ನು ವಿಜಯನಗರ ಜಿಲ್ಲೆಯ ನಕ್ಷೆಯಲ್ಲಿ ಹುಡುಕಬೇಡಿ. ಅದು ಬಿಜಿಎಂಐ ಎಂಬ ಮೊಬೈಲ್ ಆಟದ ಎರಾಂಗೆಲ್ ದ್ವೀಪದ ಊರು. ವಿಮಾನದಿಂದ ನೂರು ಮಂದಿ ಧುಮುಕುತ್ತಾರೆ, ಸಿಕ್ಕ ಮನೆ ಹೊಕ್ಕು ಸಿಕ್ಕ ಬಂದೂಕು ಎತ್ತಿಕೊಳ್ಳುತ್ತಾರೆ, ಸುತ್ತಲಿನ ವರ್ತುಲ ಕಿರಿದಾಗುತ್ತ ಬರುತ್ತದೆ, ಹೊಡೆದಾಟದಲ್ಲಿ ಕೊನೆಗೆ ಉಳಿದವರು ಗೆದ್ದಂತೆ. ಪೋಚಿಂಕಿಯ ಯಾವ ಮನೆಯ ಮೆಟ್ಟಿಲು ಎಲ್ಲಿ, ಕಿಟಕಿ ಎಲ್ಲಿ ಎಂದು ಇವನು ಕಣ್ಣು ಮುಚ್ಚಿ ಹೇಳಬಲ್ಲ. ಸ್ವಂತ ಮನೆಯಲ್ಲಿ ಗ್ಯಾಸಿನ ಬುಕ್ಕು ಎಲ್ಲಿದೆ ಅಂತ ಮಾತ್ರ ಹೆಂಡತಿಯನ್ನೇ ಕೇಳಬೇಕು.

ಆಟ ಪುಕ್ಕಟೆ. ಡೌನ್‌ಲೋಡಿಗೆ ಕಾಸಿಲ್ಲ, ಆಡುವುದಕ್ಕೂ ಕಾಸಿಲ್ಲ. ಪುಕ್ಕಟೆ ಸಿಗುವುದಕ್ಕೆ ತಿಂಗಳ ಚಂದಾ ಕಟ್ಟುವ ಜಾತಿಯೊಂದು ಭೂಮಿಯ ಮೇಲಿದೆಯಲ್ಲ, ಇವನು ಆ ಜಾತಿಯವನು. ಆ ಚಂದಾ ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂಬ ಚಿಂತೆ ಇವನನ್ನು ವರ್ಷಗಳಿಂದ ಕಾಡುತ್ತಿದೆ. ಪ್ರತಿ ಸಲವೂ ಹೇಳುವುದು ಒಂದೇ ಮಾತು: "ಈ ತಿಂಗಳೊಂದೇ ನೋಡಲೇ, ಮುಂದಿನ ತಿಂಗಳಿಂದ ಬಂದ್." ಗೆಳೆಯರು 'ತಿಂಗಳಪ್ಪ' ಅಂತ ಹೆಸರಿಟ್ಟರು. ಅಂಗಡಿಗೆ ಬರುವ ರೈತರು ಅದನ್ನೇ ನಿಜವಾದ ಹೆಸರೆಂದುಕೊಂಡು "ತಿಂಗಳಪ್ಪಾರ, ಯೂರಿಯಾ ಬಂತೇನ್ರಿ?" ಎನ್ನುತ್ತಾರೆ. ಅವನಿಗೂ ರೂಢಿಯಾಗಿದೆ.

ಚಂದಾ ಕಟ್ಟಿದರೆ ಏನು ಸಿಗುತ್ತದೆ? ಯುಸಿ ಎಂಬ ಆಟದೊಳಗಿನ ದುಡ್ಡು ಸಿಗುತ್ತದೆ. ಅದೂ ಒಂದೇ ಸಲಕ್ಕಲ್ಲ. ದಿನಾ ಆಟ ತೆರೆದು, ಗುಂಡಿ ಒತ್ತಿ, ಅಷ್ಟಿಷ್ಟು ಪಡೆಯಬೇಕು. ಒಂದು ದಿನ ತಪ್ಪಿದರೆ ಆ ದಿನದ್ದು ಹೋಯಿತು. ಕೆಲಸಕ್ಕೆ ಬಂದವನ ಹಾಜರಿ ಹಾಕಿ ಕೂಲಿ ಕೊಡುವುದು ಲೋಕರೂಢಿ. ಇಲ್ಲಿ ದುಡ್ಡು ಕಟ್ಟಿದವನೇ ದಿನಾ ಹಾಜರಿ ಹಾಕಬೇಕು. ಮಗಳಿಗೆ ಜ್ವರ ಬಂದ ರಾತ್ರಿ ಕೂಡ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಇವನು ಹಾಜರಿ ಹಾಕಿದವನೇ. ಆ ಯುಸಿಯಲ್ಲಿ ಬಂದೂಕಿಗೆ ಬಣ್ಣ, ಆಟದ ಗೊಂಬೆಗೆ ಅಂಗಿ, ಟೋಪಿ, ಜೊತೆಗೆ ಇಂಥವೇ ಇನ್ನಷ್ಟು ಉಡುಗೊರೆ ಕೊಡುವ ರಾಯಲ್ ಪಾಸು. ಈ ವಿಷಯದಲ್ಲಿ ಒಮ್ಮೆ ಅಪ್ಪನಿಗೂ ಮಗನಿಗೂ ನಡೆದ ಸಂವಾದ ಓಣಿಯಲ್ಲಿ ಇವತ್ತಿಗೂ ಪ್ರಸಿದ್ಧ.

"ಲೇ ತಮ್ಮಾ, ಆ ಅಂಗಿ ಹಾಕ್ಕೊಂಡ್ರ ಗುಂಡು ತಾಗಂಗಿಲ್ಲೇನು?"

"ತಾಗತೈತಿ ಯಪ್ಪಾ."

"ಮತ್ಯಾಕಲೇ ಅಷ್ಟು ದುಡ್ಡು?"

"ಚೆಂದ ಕಾಣತೈತಿ."

"ಯಾರಿಗೆ?"

"ಹೊಡಿಯೋರಿಗೆ."

ಅಪ್ಪ ಮುಂದೆ ಏನೂ ಕೇಳದೆ ಮೆಕ್ಕೆಜೋಳದ ಹೊಲಕ್ಕೆ ಹೋದರು.

ಬಿಡುವ ಸಂಕಲ್ಪಕ್ಕೆ ರಿಸರ್ವ್ ಬ್ಯಾಂಕಿನವರೇ ಮುಹೂರ್ತ ಇಟ್ಟುಕೊಟ್ಟಿದ್ದಾರೆ. ತಾನಾಗಿ ಕಡಿತವಾಗುವ ಚಂದಾಗಳಿಗೆ 2021ರ ಅಕ್ಟೋಬರಿನಿಂದ ಹೊಸ ನಿಯಮ ಬಂತು: ದುಡ್ಡು ಹೋಗುವ ಇಪ್ಪತ್ನಾಲ್ಕು ತಾಸು ಮುಂಚೆ ಗಿರಾಕಿಗೆ ತಿಳಿಸಬೇಕು, ಬೇಡವೆಂದರೆ ನಿಲ್ಲಿಸಲು ಅವಕಾಶ ಕೊಡಬೇಕು. ಗಿರಾಕಿಯ ರಕ್ಷಣೆಗಾಗಿ ಮಾಡಿದ ನಿಯಮ, ಒಳ್ಳೆಯದೇ. ಆದರೆ ತಿಂಗಳಪ್ಪನಂಥವನಿಗೆ ಅದು ತಿಂಗಳಿಗೊಂದು ನೇಣಿನ ದಿನವನ್ನು ಗೊತ್ತು ಮಾಡಿಕೊಟ್ಟಂತಾಯಿತು. ಮೆಸೇಜು ಬಂದ ಕ್ಷಣದಿಂದ ಊಟ ಸೇರುವುದಿಲ್ಲ. ಅಂಗಡಿಯ ರೊಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಲೆಕ್ಕ ಶುರುವಾಗುತ್ತದೆ. ಚಂದಾ ಅಂದರೆ ಎಷ್ಟು ಪ್ಲೇಟು ಮಂಡಕ್ಕಿ ಮಿರ್ಚಿ? ವರ್ಷಕ್ಕೆ ಎಷ್ಟು? ಅದನ್ನೇ ಚೀಟಿಗೆ ಹಾಕಿದ್ದರೆ ಮಗಳ ಕಿವಿಗೆ ಏನು ಬರುತ್ತಿತ್ತು? ಲೆಕ್ಕ ಪ್ರತಿ ಸಲವೂ ಸರಿಯಾಗಿಯೇ ಬರುತ್ತದೆ, ಪೈಸೆ ವ್ಯತ್ಯಾಸವಿಲ್ಲ. ಬಿಡಬೇಕು ಎಂದು ತೀರ್ಮಾನವಾಗುತ್ತದೆ. ಈ ತೀರ್ಮಾನವನ್ನು ತಂಡಕ್ಕೆ ತಿಳಿಸಬೇಕಲ್ಲ? ತಂಡದವರು ಸಿಗುವುದು ಆಟದೊಳಗೆ. ಹೋಗುತ್ತಾನೆ. ತಿಳಿಸಲು ಮೂರು ಮ್ಯಾಚು ಬೇಕಾಗುತ್ತದೆ. ಅಷ್ಟರಲ್ಲಿ ಗಡುವು ಮುಗಿದು ದುಡ್ಡು ಕಡಿತವಾಗಿರುತ್ತದೆ. "ಹೋತಲ್ಲೋ ಮಾರಾಯ, ಇನ್ನ ಕಟ್ಟಿದ ಮ್ಯಾಲ ಬಿಡೋದು ಹೆಂಗ? ಈ ತಿಂಗಳೊಂದೇ."

ಮನೆಯವರು ಆಟದ ಶಬ್ದಗಳಿಗೆ ಹೊಂದಿಕೊಂಡ ಬಗೆ ಬೇರೆಯೇ ಕಥೆ. ಮೊಟ್ಟೆಯ ಸಿಪ್ಪೆ ಕೂಡ ಹೊಸಿಲು ದಾಟದ ಲಿಂಗಾಯತರ ಮನೆ ಅದು. ಗೆದ್ದವರಿಗೆ ಈ ಆಟದಲ್ಲಿ ಬರುವ ಶಾಬಾಸ್‌ಗಿರಿ 'ವಿನ್ನರ್ ವಿನ್ನರ್ ಚಿಕನ್ ಡಿನ್ನರ್'. ಮೊದಲ ಸಲ ನಡುರಾತ್ರಿ ಮಗ "ಚಿಕನ್ ಡಿನ್ನರ್ ಆತಲೇ!" ಎಂದು ಕೂಗಿದಾಗ ತಾಯಿ ಎದ್ದು ಅಡುಗೆಮನೆಯ ಪಾತ್ರೆಗಳನ್ನೆಲ್ಲ ಮೂಸಿ ನೋಡಿದ್ದರು. ಈಗ ಅವರೇ ಬೆಳಿಗ್ಗೆ ರೊಟ್ಟಿ ತಟ್ಟುತ್ತ, "ನಿನ್ನೆ ಆತೇನಪ್ಪ ನಿಂದು ಚಿಕನ್ನು?" ಎಂದು ನಿರ್ವಿಕಾರವಾಗಿ ಕೇಳುತ್ತಾರೆ.

ಇನ್ನು 'ಸದ್ದಲೇ'. ಹಡಗಲಿ ತಾಲೂಕಿನ ಮೈಲಾರ ಜಾತ್ರೆಗೆ ಹೋದವರಿಗೆ ಹೇಳಬೇಕಿಲ್ಲ: ಗೊರವಯ್ಯ ಬಿಲ್ಲನ್ನೇರಿ 'ಸದ್ದಲೇ' ಎಂದು ಕೂಗಿದನೆಂದರೆ ಲಕ್ಷ ಜನ ಉಸಿರು ಬಿಗಿಹಿಡಿಯುತ್ತಾರೆ. ಆಮೇಲೆ ಕಾರಣಿಕವೆಂಬ ಭವಿಷ್ಯವಾಣಿಯ ಒಂದು ಸಾಲು, 'ಪರಾಕ್'. ನಮ್ಮವನಿಗೆ ಆಟದಲ್ಲಿ ಶತ್ರುವಿನ ಹೆಜ್ಜೆ ಸಪ್ಪಳ ಕೇಳಬೇಕು; ಕೇಳಿದರೆ ಬದುಕಿದ, ಇಲ್ಲದಿದ್ದರೆ ಸತ್ತ. ಹಾಗಾಗಿ ಮಂಚದ ಮೇಲೆ ಮೊಣಕಾಲೂರಿ, ಇಯರ್‌ಫೋನು ಕಿವಿಗೆ ಒತ್ತಿಕೊಂಡು, ಒಂದು ಕೈ ಮೇಲೆತ್ತಿ "ಸದ್ದಲೇ!" ಅನ್ನುತ್ತಾನೆ. ಕುಕ್ಕರಿನ ಸೀಟಿಯೊಂದನ್ನು ಬಿಟ್ಟು ಮನೆಯೆಲ್ಲ ಸ್ತಬ್ಧ. ಮಗಳು ಈಗ ಅಂಗನವಾಡಿಯಲ್ಲಿ ಟೀಚರ್ ಹೊರಗೆ ಹೋದಾಗ ಇದೇ ಭಂಗಿಯಲ್ಲಿ ನಿಂತು ಉಳಿದ ಮಕ್ಕಳನ್ನು ಸುಮ್ಮನಾಗಿಸುತ್ತಾಳಂತೆ. ಕಾರಣಿಕದ ಸಾಲಿಗೆ ಎಲ್ಲರೂ ಮಳೆ, ಬೆಳೆ, ಸರ್ಕಾರದ ಅರ್ಥ ಕಟ್ಟಿದರೆ, ತಿಂಗಳಪ್ಪ ರಾಯಲ್ ಪಾಸಿನ ಅರ್ಥ ಕಟ್ಟುತ್ತಾನೆ. ಯಾವ ವರ್ಷದ ಕಾರಣಿಕವೂ ಇವನಿಗೆ ಚಂದಾ ನಿಲ್ಲಿಸೆಂದು ಹೇಳಿಲ್ಲ.

ದೇವರ ಆಣೆ ಮಾಡಿ ಬಿಡು ಎಂದು ಹೆಂಡತಿ ಪಟ್ಟು ಹಿಡಿದಳು. ಕೊಟ್ಟೂರಿಗೆ ಪಾದಯಾತ್ರೆ ಹೊರಟ. ಹರಪನಹಳ್ಳಿಯಿಂದ ಕೊಟ್ಟೂರೇನು ದೂರ? ದಾವಣಗೆರೆಯಿಂದಲೇ ಸಾವಿರಾರು ಮಂದಿ ನಡೆಯುತ್ತಾರೆ. ನಡೆದ, ಗದ್ದುಗೆಗೆ ಕಾಯಿ ಒಡೆಸಿದ, ಬಂದ. "ಆಣೆ ಮಾಡಿದ್ರೇನ್ರೀ?" ಅಂದಳು. "ಕೊಟ್ಟೂರಯ್ಯನ ಮುಂದ ಮಾಡಿದ ಆಣೆ ತಪ್ಪಿದ್ರ ಪಾಪ ಹತ್ತತೈತಿ. ಅದಕ ಮಾಡಲಿಲ್ಲ" ಎಂದ. ಇಂಥ ಪ್ರಾಮಾಣಿಕತೆಯೆದುರು ಯಾವ ಹೆಂಡತಿ ಏನು ಹೇಳಬೇಕು?

ದೇವರು ಮಾಡದ್ದನ್ನು ಸರ್ಕಾರ ಎರಡು ಸಲ ಮಾಡಿತ್ತು. ಲಾಕ್‌ಡೌನಿನಲ್ಲಿ ಪಬ್ಜಿ ಹಿಡಿಸಿಕೊಂಡವನು ಇವನು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಚೀನಾ ನಂಟಿನ 118 ಆ್ಯಪುಗಳನ್ನು ನಿಷೇಧಿಸಿದಾಗ ಪಬ್ಜಿಯೂ ಹೋಯಿತು. ಆಗ ದೇಶಭಕ್ತಿಯಿಂದ ಬಿಟ್ಟೆ ಅಂದ. ಬಿಡದೆ ಬೇರೆ ದಾರಿ ಇರಲಿಲ್ಲವೆಂಬುದನ್ನು ಹೇಳಲಿಲ್ಲ. 2021ರ ಜುಲೈನಲ್ಲಿ ಕೊರಿಯಾದ ಕ್ರಾಫ್ಟನ್ ಕಂಪನಿ ಅದನ್ನೇ ಬಿಜಿಎಂಐ ಎಂದು ಹೆಸರು ಬದಲಿಸಿ, ರಕ್ತಕ್ಕೆ ಹಸಿರು ಬಣ್ಣ ಬಳಿದು ತಂದಿತು. ದೇಶಭಕ್ತಿಯೂ ಹಸಿರಾಯಿತು. 2022ರ ಜುಲೈನಲ್ಲಿ ಅದೂ ಅಂಗಡಿಯಿಂದ ಮಾಯವಾಗಿ 2023ರ ಮೇ ಕೊನೆಗೆ ಮರಳಿತು. ನಡುವಿನ ಹತ್ತು ತಿಂಗಳಲ್ಲಿ, ಮೊದಲೇ ಇಳಿಸಿಕೊಂಡಿದ್ದ ಆಟವನ್ನು ಕಳೆದುಕೊಳ್ಳುವ ಭಯಕ್ಕೆ ಇವನು ಫೋನು ಬದಲಿಸಲಿಲ್ಲ. ಒಡೆದ ಗಾಜಿಗೆ ಟೇಪು ಅಂಟಿಸಿಕೊಂಡೇ ಓಡಾಡಿದ.

ಮೂರನೆಯ ಸಲ ತಾಯಿಗೆ ಬಹಳ ಆಸೆ ಹುಟ್ಟಿತು. 2025ರ ಆಗಸ್ಟಿನಲ್ಲಿ ಸಂಸತ್ತು ಎರಡೇ ದಿನದಲ್ಲಿ ಆನ್‌ಲೈನ್ ಆಟಗಳ ಕಾಯ್ದೆ ಪಾಸು ಮಾಡಿತು. ಟಿವಿಯಲ್ಲಿ ಸುದ್ದಿ ಕೇಳಿದ ತಾಯಿ ಉಚ್ಚಂಗೆಮ್ಮನಿಗೆ ಹರಕೆ ತೀರಿಸಲು ಹೊರಟಿದ್ದರು. ಮಗ ಪೇಪರು ತಂದು ಬಿಡಿಸಿ ಹೇಳಿದ: ದುಡ್ಡು ಹೂಡಿ ದುಡ್ಡು ಗೆಲ್ಲುವ ಆಟಕ್ಕೆ ಮಾತ್ರ ನಿಷೇಧ, ಬರೇ ಚಂದಾ ಕಟ್ಟಿ, ಏನೂ ಗೆಲ್ಲದೆ ಆಡುವ ಆಟಕ್ಕೆ ಅಡ್ಡಿಯಿಲ್ಲ.

ಅಪ್ಪ ಕೇಳಿಸಿಕೊಂಡು, "ಅಂದ್ರ, ಲಾಭದ ಆಸೆ ಇದ್ರ ಜೈಲು. ಪೂರಾ ಲುಕ್ಸಾನಾದ್ರ ಸರ್ಕಾರದ ಒಪ್ಪಿಗಿ ಐತಿ ಅನ್ನು" ಎಂದರು. ಕಾಯ್ದೆಯ ಇಷ್ಟು ಸ್ಪಷ್ಟವಾದ ವ್ಯಾಖ್ಯಾನವನ್ನು ನಾನು ಯಾವ ವಕೀಲರ ಬಾಯಲ್ಲೂ ಕೇಳಿಲ್ಲ.

ಬಿಟ್ಟು ಮತ್ತೆ ಸೇರುವುದಕ್ಕೆ ನಾಚಿಕೆಯಿಲ್ಲವೇ ಎಂದು ಕೇಳಿದರೆ ತಿಂಗಳಪ್ಪ ಊರಿನ ಇತಿಹಾಸ ತೆಗೆಯುತ್ತಾನೆ. "ನಮ್ಮ ತಾಲೂಕು ಏನು ಮಾಡೈತಿ ನೋಡ್ರಿ. 1997ರಾಗ ಬಳ್ಳಾರಿ ಬಿಟ್ಟು ದಾವಣಗೆರಿಗೆ ಹೋತು. ಬಳ್ಳಾರಿಯವ್ರಿಗೆ 371(ಜೆ) ಸೌಲಭ್ಯ ಬಂತು, ನಮಗ ಬರಲಿಲ್ಲ. ಹೋರಾಟ ಮಾಡಿ ಇಪ್ಪತ್ತು ವರ್ಷದ ಮ್ಯಾಲ ವಾಪಸ್ ಬಳ್ಳಾರಿಗೆ ಬಂತು. 2021ಕ್ಕೆ ವಿಜಯನಗರ. ಸೌಲಭ್ಯ ಎಲ್ಲೈತಿ ಅಲ್ಲಿರಬೇಕು. ಇಡೀ ತಾಲೂಕೇ ಹೋಗಿ ಬಂದೈತಿ, ನಾ ಯಾವ ಲೆಕ್ಕ?" ವಾದದಲ್ಲಿ ಎಲ್ಲೋ ತಪ್ಪಿದೆ. ಆದರೆ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನಿಂತು ಆ ತಪ್ಪು ಹುಡುಕುವುದರೊಳಗೆ ಚಹಾ ಆರಿಹೋಗುತ್ತದೆ.

ಒಮ್ಮೆ ಮಾತ್ರ ನಿಜವಾಗಿಯೂ ಬಿಟ್ಟ. ಇವನ ತಂಡದಲ್ಲಿ ನಾಲ್ವರು: ಪೀಣ್ಯದ ಕಾರ್ಖಾನೆಯಲ್ಲಿರುವವನು, ದಾವಣಗೆರೆಯ ಬಟ್ಟೆ ಅಂಗಡಿಯವನು, ಕೊಟ್ಟೂರಿನಲ್ಲಿ ಅತಿಥಿ ಉಪನ್ಯಾಸಕನಾಗಿರುವವನು, ಇವನು. ಪಿಯುಸಿಯಲ್ಲಿ ಒಂದೇ ಬೆಂಚು. ಈಗ ಯಾರೂ ಯಾರ ಮನೆಗೂ ಹೋಗುವುದಿಲ್ಲ. ಮಗುವಿನ ನಾಮಕರಣ, ಅತಿಥಿ ಉಪನ್ಯಾಸಕರ ಬಾಕಿ ಸಂಬಳ, ಪೀಣ್ಯದ ಬಾಡಿಗೆ ಎಲ್ಲವೂ ಚರ್ಚೆಯಾಗುವುದು ಪೋಚಿಂಕಿಯ ಮಹಡಿಯ ಮೇಲೆ, ಗುಂಡಿನ ಸದ್ದಿನ ನಡುವೆ. ಇಂಥ ತಂಡಕ್ಕೆ ಕೈಮುಗಿದು, ವಿದಾಯ ಭಾಷಣ ಮಾಡಿ, ಚಂದಾ ರದ್ದು ಮಾಡಿ ಎದ್ದು ಬಂದ. ಹೆಂಡತಿ ಆವತ್ತು ಹೋಳಿಗೆ ಮಾಡಿದ್ದಳು.

ಗೆಳೆಯರು ಅಳುತ್ತಿರಬಹುದೆಂದು ಎರಡು ದಿನ ಕಾದ. ಫೋನು ಬರಲಿಲ್ಲ. ಮೂರನೆಯ ದಿನ ತಾನೇ ಮಾಡಿದರೆ, ಪೀಣ್ಯದವನು ಉತ್ಸಾಹದಲ್ಲಿದ್ದ: "ಅದ್ಯಾವನೋ ಒಬ್ಬ ಸಣ್ಣ ಹುಡುಗ ಸಿಕ್ಕಾನಲೇ, ರ್‍ಯಾಂಡಮ್. ಮೂರು ದಿನಕ್ಕ ಐದು ಚಿಕನ್ ಡಿನ್ನರ್!" ನಾಲ್ವರೂ ಸೇರಿ ಒಂದು ತಿಂಗಳಲ್ಲಿ ತಿನ್ನದಷ್ಟು ಚಿಕನ್ನು. ಬಿಟ್ಟ ದುಃಖವನ್ನು ತಿಂಗಳಪ್ಪ ತಡೆದುಕೊಂಡಿದ್ದ, ಬಿಟ್ಟಿದ್ದರಿಂದ ಒಳ್ಳೆಯದಾಯಿತು ಎಂಬುದನ್ನು ತಡೆಯಲಾಗಲಿಲ್ಲ. ಅದೇ ರಾತ್ರಿ ಚಂದಾ ಕಟ್ಟಿದ. ಹೋಳಿಗೆ ಇನ್ನೂ ಡಬ್ಬಿಯಲ್ಲಿತ್ತು.

ಇಷ್ಟೆಲ್ಲ ಗೊತ್ತಿದ್ದೂ ಊರಿನವರಿಗೆ ಇವನ ಮೇಲೆ ಒಂದು ವಿಚಿತ್ರ ಗೌರವ. ಅಷ್ಟು ಸಲ ಬಿಟ್ಟವನೆಂದರೆ ಬಿಡುವುದರಲ್ಲಿ ಅನುಭವಸ್ಥನೇ ಅಲ್ಲವೇ? ಹೋದ ವರ್ಷ ಪಕ್ಕದ ಓಣಿಯ ಹೆಣ್ಣುಮಗಳೊಬ್ಬಳು ಬಂದು, "ಅಣ್ಣಾ, ನನ್ನ ಮಗ ಒಂಬತ್ತನೇ ಕ್ಲಾಸು, ಮೊಬೈಲ್ ಕೆಳಗ ಇಡವಲ್ಲ. ನೀನು ಬಂದು ನಾಕು ಮಾತು ಹೇಳು" ಎಂದು ಬೇಡಿಕೊಂಡಳು. ತಿಂಗಳಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಹೋದ. ಒಂದು ತಾಸು ಮಾತಾಡಿದನಂತೆ. ಆ ತಾಯಿ ಇವತ್ತಿಗೂ ಹೊಗಳುತ್ತಾಳೆ: ಸಮಯ ಹೋಗುವುದು, ಕಣ್ಣು ಹೋಗುವುದು, ಮಂಡಕ್ಕಿ ಮಿರ್ಚಿಯ ಲೆಕ್ಕ, ಎಲ್ಲವನ್ನೂ ಎಷ್ಟು ಚೆನ್ನಾಗಿ ಹೇಳಿದನೆಂದರೆ ಅವಳ ಕಣ್ಣಲ್ಲೇ ನೀರು ಬಂತು. ಹುಡುಗ ತಲೆ ತಗ್ಗಿಸಿ ಕೂತಿದ್ದ. ಚಹಾ ತರಲು ಅವಳು ಒಳಗೆ ಹೋದಾಗ ಅವನು ಮೊದಲ ಸಲ ಬಾಯಿ ಬಿಟ್ಟ.

"ಯಣ್ಣಾ, ನೀವು ಸೇತುವೆ ಮ್ಯಾಲೆ ಯಾವಾಗ್ಲೂ ಸಾಯೋ ಯಣ್ಣ ಅಲ್ಲ?"

ಧ್ವನಿ ಕೇಳುತ್ತಲೇ ತಿಂಗಳಪ್ಪನಿಗೆ ಗುರುತು ಸಿಕ್ಕಿತು. ಉಪನ್ಯಾಸಕನಿಗೆ ಪರೀಕ್ಷೆ ಕೆಲಸ ಬಿದ್ದ ರಾತ್ರಿಗಳಲ್ಲಿ ನಾಲ್ಕನೆಯವನಾಗಿ ಬರುತ್ತಿದ್ದ ಅದೇ ರ್‍ಯಾಂಡಮ್. ಎಲ್ಲಿಯವನೋ ಅಂದುಕೊಂಡಿದ್ದರೆ ಎರಡು ಓಣಿ ಆಚೆಯವನು.

"ಸೇತುವೆ ಮ್ಯಾಲೆ ಹೋಗಬಾರದು ಯಣ್ಣಾ, ದೋಣಿ ಹಿಡಿಬೇಕು. ನಾ ಅವತ್ತೂ ಹೇಳಿದ್ದೆ" ಎಂದು ಹುಡುಗ ಮೆಲ್ಲಗೆ ಮುಂದುವರಿಸಿದ. ಆಮೇಲೆ ತನ್ನ ಕಷ್ಟ ಹೇಳಿಕೊಂಡ. ಹದಿನೆಂಟು ತುಂಬದವರಿಗೆ ಆಟದಲ್ಲಿ ದಿನಕ್ಕೆ ಮೂರೇ ತಾಸು, ಅದಕ್ಕೂ ಪಾಲಕರ ಫೋನಿಗೆ ಓಟಿಪಿ ಬರಬೇಕು. ಅಮ್ಮನನ್ನು ಕೇಳುವಂತಿಲ್ಲ.

ತಾಯಿ ಚಹಾ ತಂದಾಗ ಇಬ್ಬರೂ ಗಂಭೀರವಾಗಿದ್ದರು. "ಏನಂತಾನಣ್ಣಾ?" ಎಂದಳು. "ಬಿಡ್ತಾನಕ್ಕಾ, ಹುಡುಗ ಒಳ್ಳೇವನು. ಈ ತಿಂಗಳೊಂದು ಹೋಗಲಿ" ಎಂದ ತಿಂಗಳಪ್ಪ. ಅಷ್ಟರಲ್ಲಿ ಅವನ ಅಂಗಿಯ ಜೇಬಿನಲ್ಲಿ ಫೋನು ಟಿಣ್ ಎಂದಿತು. ತೆಗೆದು ನೋಡಿ, ತಾಯಿಗೆ ಕಾಣದಂತೆ ಅಂಕಿಗಳನ್ನು ಒಂದೊಂದಾಗಿ ಬೆರಳಲ್ಲಿ ಹುಡುಗನಿಗೆ ತೋರಿಸಿದ.