‘ಎ’ಕಾರಾದಿ ಪಾಂಡಿತ್ಯ: ಒಂದು ಕಿರು ಮಹಾಪ್ರಬಂಧ

ಇಂಗ್ಲಿಷಿನ ಕಬ್ಬಿಣದ ಕಡಲೆಯಂಥ ಪದಗಳನ್ನು ಉರು ಹೊಡೆಯುವವರ ವಿದ್ವತ್ತು ಆ ವರ್ಣಮಾಲೆಯ ಐದನೆಯ ಅಕ್ಷರದ ಆಸುಪಾಸಿನಲ್ಲಿ ಕೊನೆಯುಸಿರೆಳೆಯುತ್ತದೆ ಎಂಬುದು ಈ ಪ್ರಬಂಧದ ಪ್ರತಿಪಾದನೆ.

ಮುಖ್ಯ ಆಕರ, ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕಗಳ ರಾಶಿ. ಉತ್ಖನನದಲ್ಲಿ ದೊರೆತದ್ದು ವಿದೇಶಿ ಉನ್ನತ ವ್ಯಾಸಂಗದ ಪ್ರವೇಶ ಪರೀಕ್ಷೆಗೆಂದು ಓದುವ ಬ್ಯಾರನ್ಸ್ ಜಿಆರ್‌ಇ ಗೈಡಿನ ಒಂದು ಪ್ರತಿ. ಅದರ 3,500 ಪದಗಳ ಪಟ್ಟಿ ಶುರುವಾಗುವುದು ‘ಅಬೇಸ್’ನಿಂದ. ಆ ಪುಟಕ್ಕೆ ಹಳದಿ ಹೈಲೈಟರ್, ಅದರಡಿ ಕೆಂಪು ಗೆರೆ, ಅಂಚಿನಲ್ಲಿ ಪೆನ್ಸಿಲಿನ ಕನ್ನಡ ಅರ್ಥ, ಮೇಲೊಂದು ಕಾಫಿ ಲೋಟದ ಮುದ್ರೆ. ‘ಬಿ’ಗೆ ಬರುವಷ್ಟರಲ್ಲಿ ಹೈಲೈಟರ್ ಯುಗ ಮುಗಿದು ಪೆನ್ಸಿಲ್ ಯುಗ. ‘ಡಿ’ಯಲ್ಲಿ ಒಂದೆರಡು ಟಿಕ್ಕು. ‘ಇ’ಯ ನಡುವೆ ಗುರುತಿಗೆಂದು ಇಟ್ಟ ಬಸ್ ಟಿಕೆಟ್ಟು ಸಮಾಧಿಸ್ಥವಾಗಿದೆ, ಅಲ್ಲಿಂದಾಚೆ ಪುಟಗಳಿಗೆ ಮನುಷ್ಯನ ಕೈ ತಾಕಿಲ್ಲ.

2011ರ ಆಗಸ್ಟ್‌ನಲ್ಲಿ ಜಿಆರ್‌ಇ ಪರೀಕ್ಷೆ ವಿರುದ್ಧಪದ, ಪದಸಾದೃಶ್ಯದ ಪ್ರಶ್ನೆಗಳಿಗೆ ತಿಲಾಂಜಲಿಯಿತ್ತು, ವಾಕ್ಯದ ಸಂದರ್ಭದಲ್ಲೇ ಪದ ಕೇಳತೊಡಗಿತು. ಪಟ್ಟಿನಿಷ್ಠರಿಗೆ ಇದರ ಬಿಸಿ ತಟ್ಟಲಿಲ್ಲ. ಅವರಿನ್ನೂ ‘ಬಿ’ಯಲ್ಲಿದ್ದರು.

ಇನ್ನು ಪೂರ್ವಪಕ್ಷ. ನಾರ್ಮನ್ ಲೂಯಿಸ್ 1949ರಲ್ಲಿ ಹೊರತಂದ ‘ವರ್ಡ್ ಪವರ್ ಮೇಡ್ ಈಸಿ’ ವರ್ಣಮಾಲೆಯ ಹಂಗಿಲ್ಲದೆ, ಗ್ರೀಕ್–ಲ್ಯಾಟಿನ್ ಧಾತು ಹಿಡಿದು ವಿಷಯವಾರು ಕಲಿಸುತ್ತದಲ್ಲ? ನಿಜ, ಪದ್ಧತಿಯೂ ಚೆನ್ನಾಗಿದೆ. ಆದರೆ ಅಲ್ಲಿ ಮೊದಲು ಬರುವುದು ಮನುಷ್ಯಸ್ವಭಾವದ ಪದಗಳು, ಆಮೇಲೆ ಡಾಕ್ಟರುಗಳದ್ದು. ಹೀಗಾಗಿ ಹಾಸ್ಟೆಲಿನ ರೂಮ್‌ಮೇಟು ಇಂಟ್ರೊವರ್ಟೋ ಈಗೋಟಿಸ್ಟೋ ಎಂದು ಥಟ್ಟನೆ ಹೇಳಬಲ್ಲವರು ಹೇರಳ. ಆಬ್ಸ್‌ಟೆಟ್ರಿಶಿಯನ್ ಬಳಿ ಯಾರು ಹೋಗುತ್ತಾರೆಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ.

‘ಇ’ ಗಡಿಯಾಚೆಯ ಪದಗಳಿಗೆ ನೆರವು ಬಂದದ್ದು ತಿರುವನಂತಪುರದ ಸಂಸದರಿಂದ. ಶಶಿ ತರೂರ್ 2017ರ ಮೇ ತಿಂಗಳಲ್ಲಿ ಟ್ವೀಟೊಂದರಲ್ಲಿ ‘ಫರಾಗೋ’ ಬಳಸಿದರು, ಅಂದರೆ ಕಲಸುಮೇಲೋಗರ. 2018ರ ಅಕ್ಟೋಬರಿನಲ್ಲಿ ತಮ್ಮ ಹೊಸ ಪುಸ್ತಕದ ಪ್ರಚಾರಕ್ಕೆ 29 ಅಕ್ಷರಗಳ ‘ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಶನ್’ ತೇಲಿಬಿಟ್ಟರು. ಒಂದನ್ನು ಕವಡೆ ಕಿಮ್ಮತ್ತಿನದಲ್ಲವೆಂದು ತಳ್ಳಿಹಾಕುವುದಕ್ಕೆ ಇಷ್ಟು ಖರ್ಚು! ಎರಡೂ ‘ಎಫ್’ ಪ್ರಾಂತದವು. ಯಾರೂ ಕಾಲಿಡದ ಸೀಮೆಯಿಂದ ಸರಕು ತಂದರೆ ಪೈಪೋಟಿಯಿಲ್ಲ ಎಂಬ ವ್ಯಾಪಾರಸೂಕ್ಷ್ಮವನ್ನು ವಿದ್ವಾಂಸರು ಗಮನಿಸಬೇಕು.

ಪರಿಹಾರವಾಗಿ, ಪಟ್ಟಿಯನ್ನು ‘ಜಡ್‌’ನಿಂದ ತಿರುಗಾಮುರುಗಾ ಅಚ್ಚು ಹಾಕಬೇಕೆಂಬ ಸಲಹೆಯಿದೆ. ಆಗ ಊರ ತುಂಬ ‘ಜೆಲಟ್’, ‘ಜೆನಿತ್’ ಬಲ್ಲವರೇ ಆಗಿ, ಮಳೆ ಅಬೇಟ್ ಆಯಿತೆನ್ನಲು ಒಬ್ಬನೂ ಸಿಗಲಾರ. ಬರಿದೆ ತಗ್ಗಿತು ಎನ್ನಬೇಕಾದೀತು.